ಎರಡನೇ ಸಲ ಬಾರದ ರೋಗಿ: ಹಳ್ಳಿ ಆಸ್ಪತ್ರೆಯಲ್ಲಿ ಮನಸ್ಸಿನ ಚಿಕಿತ್ಸೆ ನಿಲ್ಲುವುದು ಎಲ್ಲಿ?

ದೇಶದ ಮಾನಸಿಕ ಆರೋಗ್ಯ ಹೇಗಿದೆ ಎಂದು ತಿಳಿಯಲು ನಿಮ್ಹಾನ್ಸ್ 2015–16ರಲ್ಲಿ ಒಂದು ದೊಡ್ಡ ಸಮೀಕ್ಷೆ ಮಾಡಿತು. ಹೊರಡುವ ಮುಂಚೆ ಪ್ರಶ್ನೆಗಳು ಸರಿಯಾಗಿವೆಯಾ, ಮನೆ ಬಾಗಿಲಲ್ಲಿ ಜನ ಉತ್ತರ ಕೊಡುತ್ತಾರಾ ಎಂದು ನೋಡಬೇಕಿತ್ತು. ಅದಕ್ಕೆ ಆರಿಸಿಕೊಂಡದ್ದು ಕೋಲಾರ ಜಿಲ್ಲೆಯನ್ನು. ಅಲ್ಲಿ 3,190 ಜನರ ನಡುವೆ ಪ್ರಯೋಗ ಮಾಡಿ, ಆಮೇಲೆ 12 ರಾಜ್ಯಗಳಿಗೆ ಹೋದರು. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ನಮ್ಮ ಲೆಕ್ಕಕ್ಕೂ ಆ ವರದಿಯ ಒಟ್ಟು ಸರಾಸರಿಯನ್ನೇ ಹಿಡಿಯಬೇಕು. ವಯಸ್ಕರಲ್ಲಿ 100ಕ್ಕೆ 10.6 ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಎನ್ನುವುದರ ಮೇಲೆ, ಅವರಲ್ಲಿ 100ಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಈ ಅಂಕಿಯನ್ನು ಒಂದು ಹೋಬಳಿಗೆ ಇಳಿಸಿ ನೋಡೋಣ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ, ನೋಡಿಕೊಳ್ಳಬೇಕಾದ ಜನಸಂಖ್ಯೆ 30,000. ಅದರಲ್ಲಿ ವಯಸ್ಕರು 20,000 ಎಂದು ಹಿಡಿದರೆ, ಹಳ್ಳಿಗಳಲ್ಲಿ ತೊಂದರೆ ಸ್ವಲ್ಪ ಕಡಿಮೆ ಎಂದು ಬಿಟ್ಟರೂ, 1,500ರಿಂದ 2,000 ಜನ ಆಗುತ್ತಾರೆ. ಖಿನ್ನತೆ ಇರುವವರೇ 500ರ ಆಸುಪಾಸು. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯವರು ನೂರೈವತ್ತರ ಹತ್ತಿರ. ಮಧುಗಿರಿ ಕಡೆಯದೋ ಶಿರಾ ಕಡೆಯದೋ ಒಂದು ಪಿಎಚ್‌ಸಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬರು ಡಾಕ್ಟರ್, ಒಬ್ಬರೋ ಇಬ್ಬರೋ ನರ್ಸ್, ಒಬ್ಬ ಫಾರ್ಮಸಿಸ್ಟ್. ಅವರ ವ್ಯಾಪ್ತಿಯಲ್ಲಿ ಇಷ್ಟು ಜನ.

ಇಷ್ಟು ಜನರನ್ನು ಮನೋವೈದ್ಯರೇ ನೋಡಲಿ ಎಂದರೆ ಆಗುವ ಮಾತಲ್ಲ. ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, ಸಾಮಾನ್ಯವಾಗಿ ಹೇಳುವ ಲೆಕ್ಕ 0.75. ಅವರೂ ಬಹುಪಾಲು ನಗರಗಳಲ್ಲೇ ಇದ್ದಾರೆ. ಹಾಗಾಗಿ ಮನಸ್ಸಿನ ಚಿಕಿತ್ಸೆಯನ್ನು ಪಿಎಚ್‌ಸಿಗೇ ತರಬೇಕು ಎನ್ನುವುದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ಸರ್ಕಾರ ಒಪ್ಪಿದೆ, ಕಾನೂನು ಒಪ್ಪಿದೆ, ತರಬೇತಿಗಳು ನಡೆಯುತ್ತಿವೆ. ಆದರೂ ಯಾಕೆ ಆಗುತ್ತಿಲ್ಲ? ನಾನು ಕಂಡುಕೊಂಡಂತೆ ತೊಡಕು ಇರುವುದು ಮೊದಲ ಭೇಟಿಯಲ್ಲಿ ಅಲ್ಲ, ಎರಡನೆಯದರಲ್ಲಿ.

ಸಾಲಿನಲ್ಲೇ ನಿಂತಿದ್ದಾರೆ

ಮನಸ್ಸಿನ ತೊಂದರೆ ಇರುವವರು ಆಸ್ಪತ್ರೆಗೆ ಬರುವುದೇ ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಬರುತ್ತಾರೆ. ಓಪಿಡಿ ಚೀಟಿ ಮಾಡಿಸಿ ಸಾಲಿನಲ್ಲೇ ನಿಂತಿರುತ್ತಾರೆ. ಅವರು ಹೇಳುವುದು ಮಾತ್ರ ಮೈ ನೋವಿನ ಮಾತು.

ಪಾವಗಡ ತಾಲ್ಲೂಕಿನ ಯಾವುದೋ ಹಳ್ಳಿಯ ನಲವತ್ತು ದಾಟಿದ ಹೆಂಗಸು ಎಂದುಕೊಳ್ಳಿ. "ಸಾರ್, ಮೈಯೆಲ್ಲಾ ಜುಮ್ಮಂತದೆ, ತಲೆ ಸುತ್ತು, ಊಟ ಸೇರಲ್ಲ, ರಾತ್ರಿಯೆಲ್ಲಾ ನಿದ್ದೆ ಇಲ್ಲ" ಎನ್ನುತ್ತಾರೆ. ಡಾಕ್ಟರ್ ಮುಂದೆ ಇನ್ನೂ ಐವತ್ತು ಜನ ಇದ್ದಾರೆ. ಬಿಪಿ ನೋಡುತ್ತಾರೆ, ಸರಿ ಇದೆ. ರಕ್ತ ಕಡಿಮೆ ಇರಬಹುದು ಎಂದು ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಒಂದು ಬಿ-ಕಾಂಪ್ಲೆಕ್ಸ್ ಸೂಜಿ. ಎರಡು ದಿನ ಪರವಾಗಿಲ್ಲ ಅನಿಸುತ್ತದೆ. ಹದಿನೈದು ದಿನಕ್ಕೆ ಮತ್ತೆ ಅದೇ. ಈ ಸಲ ಊರಿನ ಖಾಸಗಿ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಬಾಟಲ್. ಆಮೇಲೆ ತುಮಕೂರಿನಲ್ಲಿ ಸ್ಕ್ಯಾನಿಂಗ್. ವರ್ಷ ಕಳೆಯುವಷ್ಟರಲ್ಲಿ ಸಾವಿರಾರು ರೂಪಾಯಿ ಹೋಗಿರುತ್ತದೆ. "ಎಲ್ಲಾ ನಾರ್ಮಲ್ ಬಂದಿದೆಯಮ್ಮಾ" ಎಂಬ ಒಂದು ಮಾತು ಮಾತ್ರ ಕೈಯಲ್ಲಿ ಉಳಿದಿರುತ್ತದೆ. ಮನೆಯಲ್ಲಿ ಅತ್ತೆಯೋ ಗಂಡನೋ "ಕಾಯಿಲೆ ಏನಿಲ್ವಂತೆ, ಸುಮ್ನೆ ನಾಟಕ" ಎನ್ನಲು ಶುರು ಮಾಡುತ್ತಾರೆ. ಕಷ್ಟ ಇನ್ನೂ ಜಾಸ್ತಿಯಾಗುವುದು ಇಲ್ಲಿಂದ.

ಇದರಲ್ಲಿ ಆ ಡಾಕ್ಟರನ್ನು ಬೈಯಲು ನನಗೆ ಮನಸ್ಸಿಲ್ಲ. ಎಂಬಿಬಿಎಸ್ ಓದುವಾಗ ಮನೋವೈದ್ಯಕೀಯಕ್ಕೆ ಅವರಿಗೆ ಸಿಗುವುದು ಕೆಲವೇ ವಾರ. ಆ ವಾರಗಳಲ್ಲೂ ಅವರು ನೋಡುವುದು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿರುವ ತೀವ್ರ ಕಾಯಿಲೆಯವರನ್ನು. ಮೈಕೈ ನೋವು ಎಂದು ಬಂದು ಕೂರುವ ಖಿನ್ನತೆಯನ್ನು ಗುರುತಿಸುವ ಅಭ್ಯಾಸ ಅಲ್ಲಿ ಆಗುವುದಿಲ್ಲ.

ಇನ್ನೊಂದು ತೊಡಕು ಭಾಷೆಯದು. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಊರೂರಲ್ಲೂ ಉರ್ದು ಮಾತಾಡುವ ಕುಟುಂಬಗಳಿವೆ. ಜ್ವರ, ಕೆಮ್ಮನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. ಬದುಕು ಸಾಕಾಗಿದೆ ಎನ್ನುವುದನ್ನು ಮನೆಮಾತಿನಲ್ಲಲ್ಲದೆ ಬೇರೆ ಮಾತಿನಲ್ಲಿ ಹೇಳುವುದು ಕಷ್ಟ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಡಾಕ್ಟರಿಗೆ ಅದು ಕಿವಿಗೆ ಬೀಳದೇ ಹೋಗಬಹುದು. ಹೀಗಿರುವಾಗ ಅದೇ ಊರಿನ ಆಶಾ ಕಾರ್ಯಕರ್ತೆಗೆ ಎಷ್ಟು ಬೆಲೆ ಇದೆ ನೋಡಿ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಐವತ್ತು ವರ್ಷದಿಂದ ಗೊತ್ತಿರುವ ವಿಷಯ

ಪಿಎಚ್‌ಸಿಯಲ್ಲೇ ಮನಸ್ಸಿಗೆ ಚಿಕಿತ್ಸೆ ಎನ್ನುವುದು ಹೊಸ ಯೋಚನೆಯಲ್ಲ, ಹೊರದೇಶದಿಂದ ತಂದದ್ದೂ ಅಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರ ತೆರೆದು, ಪಿಎಚ್‌ಸಿ ಡಾಕ್ಟರುಗಳಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡಲು ಶುರು ಮಾಡಿತ್ತು. ಅದೇ ಕಾಲದಲ್ಲಿ ಹರಿಯಾಣದ ರಾಯಪುರ ರಾಣಿಯಲ್ಲೂ ಇಂಥದ್ದೇ ಪ್ರಯೋಗ ನಡೆದಿತ್ತು. ಈ ಎರಡರ ಅನುಭವ ಇಟ್ಟುಕೊಂಡೇ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆ ಪೂರ್ತಿ ಇದನ್ನು ಮಾಡಿ ತೋರಿಸಿದರು. ಮಾಮೂಲಿ ಎಂಬಿಬಿಎಸ್ ಡಾಕ್ಟರುಗಳು ಕೆಲವೇ ಬಗೆಯ ಮಾತ್ರೆ ಇಟ್ಟುಕೊಂಡು ಮೂರ್ಛೆ ರೋಗ, ತೀವ್ರ ಮಾನಸಿಕ ಕಾಯಿಲೆ ಎರಡನ್ನೂ ನೋಡಿದರು. ಆ ಬಳ್ಳಾರಿ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ಅದು ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಇದೆ.

2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದಿತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ವ್ಯವಸ್ಥೆ ಅದು. ಒಳ್ಳೆಯ ಕೆಲಸ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಅಷ್ಟು ದೂರ ಹೋಗುವುದು ತಪ್ಪಿದರೆ ಒಂದು ಕುಟುಂಬಕ್ಕೆ ಎಷ್ಟು ಉಳಿತಾಯ ಅಲ್ವಾ? ಚಿಕಿತ್ಸೆಗೂ ಓಡಾಟಕ್ಕೂ ಸೇರಿ ಕುಟುಂಬಗಳು ತಿಂಗಳಿಗೆ 1,000ದಿಂದ 1,500 ರೂಪಾಯಿ ಖರ್ಚು ಮಾಡುತ್ತಿವೆ ಎಂದು ಅದೇ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜ್ ಇಲ್ಲ, ಸರಿ. ಆದರೆ ಪಾವಗಡದ ಕಡೆ ಖಾಸಗಿ ಬಸ್ಸುಗಳೂ ಬಹಳ ಓಡುತ್ತವೆ, ಅವುಗಳಲ್ಲಿ ಟಿಕೆಟ್ ತಗೊಳ್ಳಲೇಬೇಕು. ಒಂದು ದಿನದ ಕೂಲಿಯಂತೂ ಹೇಗೂ ಹೋಗುತ್ತದೆ. ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ.

ಕಾನೂನಿನ ಕಥೆ ಇನ್ನೂ ಕುತೂಹಲದ್ದು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಸೆಕ್ಷನ್ ಪ್ರಕಾರ ಸರ್ಕಾರದ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಆರೋಗ್ಯ ವ್ಯವಸ್ಥೆಯ ಎಲ್ಲ ಹಂತದಲ್ಲೂ, ಪ್ರಾಥಮಿಕ ಹಂತದಲ್ಲೂ ಈ ಸೇವೆ ಸೇರಿರಬೇಕು ಎಂದೂ ಅಲ್ಲೇ ಇದೆ. ಆದರೆ ಅದೇ ಸೆಕ್ಷನ್‌ನಲ್ಲಿ ಔಷಧಿಯ ಮಾತು ಬಂದಾಗ ಗಮನಿಸಿ. ಅಗತ್ಯ ಔಷಧಿಗಳು ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಎಂಬ ಖಾತ್ರಿ ಶುರುವಾಗುವುದು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ. ಅದು ಬಯಲುಸೀಮೆಯಲ್ಲಿ 1,20,000 ಜನಕ್ಕೆ ಒಂದು ಇರಬೇಕಾದ ಆಸ್ಪತ್ರೆ. ಪಿಎಚ್‌ಸಿಯಲ್ಲಿ ಸೇವೆ ಇರಬೇಕು ಎನ್ನುವ ಕಾಯ್ದೆ, ಮಾತ್ರೆಯ ಖಾತ್ರಿಯನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿದೆ. ಪಿಎಚ್‌ಸಿಯಲ್ಲಿ ಈ ಮಾತ್ರೆ ಇಡಬಾರದು ಎಂದೇನೂ ಇಲ್ಲ, ಇಡಲೇಬೇಕು ಎಂಬ ಬಲ ಇಲ್ಲ ಅಷ್ಟೆ. ಈ ಸಣ್ಣ ಸಂದಿನಲ್ಲಿ ಎಷ್ಟು ರೋಗಿಗಳು ಬಿದ್ದುಹೋಗುತ್ತಾರೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಎರಡು ಪ್ರಶ್ನೆ ಕೇಳಿದರು, ಆಮೇಲೆ?

ಈಗಿನ ವ್ಯವಸ್ಥೆ ಕಾಗದದ ಮೇಲೆ ಹೇಗಿದೆ ನೋಡೋಣ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು, ಪಿಎಚ್‌ಸಿಗಳನ್ನು ಮೇಲ್ದರ್ಜೆಗೆ ಏರಿಸಲು ಶುರು ಮಾಡಿದರು. ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. 5,000 ಜನರ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಇರುತ್ತಾರೆ. ಇವರು ಸಾಮಾನ್ಯವಾಗಿ ನರ್ಸಿಂಗ್ ಓದಿದವರು.

ಆಶಾ ಕಾರ್ಯಕರ್ತೆ ಮನೆಗೆ ಬಂದು ಬಿಪಿ, ಶುಗರ್, ಕ್ಯಾನ್ಸರ್ ಲಕ್ಷಣಗಳ ಬಗ್ಗೆ ಕೇಳಿ ಒಂದು ಫಾರಂ ತುಂಬುತ್ತಾರಲ್ಲ, ಅದರ ಕೊನೆಯ ಕಡೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದ ಹಾಗೆ ಆಗಿದೆಯಾ? ಬೇಜಾರು, ಹತಾಶೆ ಅನಿಸಿದೆಯಾ? ಎಷ್ಟು ದಿನ ಹಾಗಾಗಿದೆ ಎನ್ನುವುದರ ಮೇಲೆ ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 3 ದಾಟಿದರೆ ಸಿಎಚ್‌ಒ ಬಳಿಗೋ ಡಾಕ್ಟರ್ ಬಳಿಗೋ ಕಳಿಸಬೇಕು.

ಎರಡೇ ಪ್ರಶ್ನೆ ಎಂದು ಹಗುರ ಮಾಡಬೇಡಿ. ಇವು ಪ್ರಪಂಚದ ತುಂಬಾ ಬಳಕೆಯಲ್ಲಿರುವ ಪ್ರಶ್ನೆಗಳು. ಆದರೆ ಇದರಲ್ಲಿ ಎರಡು ಕೊರತೆ ನನಗೆ ಕಾಣುತ್ತವೆ. ಒಂದು, ಈ ಫಾರಂ ಇರುವುದು 30 ವರ್ಷ ದಾಟಿದವರಿಗೆ. ಬಿಪಿ, ಶುಗರಿಗೆ ಆ ವಯಸ್ಸು ಸರಿ. ಮಾನಸಿಕ ಕಾಯಿಲೆಗಳು ಬಹುಪಾಲು ಶುರುವಾಗುವುದು ಹದಿಹರೆಯದಿಂದ 25ರ ಒಳಗೆ. ಪಿಯುಸಿ ಫೇಲಾಗಿ ಮನೆಯಲ್ಲಿ ಕೂತ ಹುಡುಗ, ಮದುವೆಯಾಗಿ ಹೊಸ ಊರಿಗೆ ಬಂದ ಇಪ್ಪತ್ತೆರಡರ ಹುಡುಗಿ, ಹೆರಿಗೆಯಾದ ಮೇಲೆ ಮಂಕಾದ ಬಾಣಂತಿ, ಇವರಾರೂ ಆ ಫಾರಂ ಒಳಗೆ ಬರುವುದಿಲ್ಲ. ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಮತ್ತೆ ಮತ್ತೆ ಬರುವ ಬಾಣಂತಿಗೆ ಆ ಎರಡು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು?

ಎರಡನೆಯದು ದೊಡ್ಡದು. ಪ್ರಶ್ನೆ ಕೇಳುವುದು ಚಿಕಿತ್ಸೆಯಲ್ಲ. ಎಷ್ಟು ಜನರನ್ನು ಕೇಳಿದರು ಎಂಬುದನ್ನು ಲೆಕ್ಕ ಇಡುವುದು ಸುಲಭ. ಕೇಳಿಸಿಕೊಂಡವರು ಆರು ತಿಂಗಳ ನಂತರ ಹೇಗಿದ್ದಾರೆ ಎಂಬುದಕ್ಕೆ ಯಾರನ್ನು ಕೇಳಬೇಕು?

ಮತ್ತೆ ಆ ಪಾವಗಡದ ಅಮ್ಮನ ವಿಷಯಕ್ಕೇ ಬರೋಣ. ಈ ಸಲ ಎಲ್ಲವೂ ಸರಿಯಾಗಿ ನಡೆಯಿತು ಎಂದುಕೊಳ್ಳಿ. ಆಶಾ ಗುರುತಿಸಿದರು, ಡಾಕ್ಟರ್ ಸಮಾಧಾನದಿಂದ ಮಾತಾಡಿಸಿದರು, ಖಿನ್ನತೆ ಎಂದು ತಿಳಿಯಿತು, ಫ್ಲುಆಕ್ಸೆಟಿನ್ ಎಂಬ ಮಾತ್ರೆ ಬರೆದರು. ಹಳೆಯ ಔಷಧಿ, ಅಗ್ಗದ್ದು. ಈ ಮಾತ್ರೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲೇ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಬರಬಹುದು. ಅಂದರೆ ಮೊದಲು ತೊಂದರೆ, ಆಮೇಲೆ ಗುಣ. ಜ್ವರದ ಮಾತ್ರೆ ನುಂಗಿ ಸಂಜೆಗೆ ಎದ್ದು ಕೂತು ಅಭ್ಯಾಸ ಇರುವ ನಮಗೆ ಇದನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿರಬೇಕು. ಹೇಳದಿದ್ದರೆ ನಾಲ್ಕನೇ ದಿನಕ್ಕೆ "ಈ ಮಾತ್ರೆ ನಂಗೆ ಒಗ್ಗಲ್ಲ" ಎಂದು ಬಿಟ್ಟುಬಿಡುತ್ತಾರೆ. ಬಿಟ್ಟದ್ದು ಆಸ್ಪತ್ರೆಗೆ ಗೊತ್ತೇ ಆಗುವುದಿಲ್ಲ.

ನಾಲ್ಕು ವಾರ ತಡೆದುಕೊಂಡರು ಎಂದೇ ಇಟ್ಟುಕೊಳ್ಳಿ. ನಿದ್ದೆ ಬಂತು, ಊಟ ಸೇರಿತು. ಈಗ ಎರಡನೇ ಅಪಾಯ. ಹುಷಾರಾದೆ ಎಂದು ನಿಲ್ಲಿಸುವುದು. ಗುಣ ಕಂಡ ಮೇಲೂ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕು. ಇಲ್ಲದಿದ್ದರೆ ಕಾಯಿಲೆ ಮರುಕಳಿಸುತ್ತದೆ. ಅಷ್ಟು ತಿಂಗಳಲ್ಲಿ ಒಂದು ಸಲ ಆಸ್ಪತ್ರೆಗೆ ಹೋದಾಗ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂದರೆ ಸಾಕು. ಮುಂದಿನ ವಾರ ಶೇಂಗಾ ಕೀಳುವ ಕೆಲಸ ಇರುತ್ತದೆ. ಅಥವಾ ಹೊಸ ಡಾಕ್ಟರ್ ಬಂದಿರುತ್ತಾರೆ, ಹಳೆಯ ಚೀಟಿ ಎಲ್ಲೋ ಕಳೆದಿರುತ್ತದೆ. "ಹುಚ್ಚಿನ ಮಾತ್ರೆ ತಗೋತಾಳೆ" ಎಂದು ಓಣಿಯಲ್ಲಿ ಯಾರೋ ಆಡಿದ್ದು ಕಿವಿಗೆ ಬಿದ್ದಿರುತ್ತದೆ.

ಇದರಲ್ಲಿ ಯಾವುದನ್ನೂ ಡಾಕ್ಟರಿಗೆ ಇನ್ನೊಂದು ತರಬೇತಿ ಕೊಟ್ಟು ಸರಿ ಮಾಡಲು ಆಗುವುದಿಲ್ಲ. ತರಬೇತಿ ಬೇಡ ಎನ್ನುತ್ತಿಲ್ಲ. ಈಗ ನಿಮ್ಹಾನ್ಸ್ ಮಾಡುತ್ತಿರುವ ಒಂದು ಬಗೆಯ ತರಬೇತಿಯಲ್ಲಿ ಪಿಎಚ್‌ಸಿ ಡಾಕ್ಟರ್ ತಮ್ಮ ಓಪಿಡಿಯಲ್ಲಿ ರೋಗಿಯನ್ನು ನೋಡುತ್ತಿರುವಾಗಲೇ ಮನೋವೈದ್ಯರು ವಿಡಿಯೋ ಕರೆಯಲ್ಲಿ ಜೊತೆಗಿದ್ದು ಕಲಿಸುತ್ತಾರೆ. ಮೂರು ದಿನ ಹಾಲ್‌ನಲ್ಲಿ ಕೂರಿಸಿ ಪಾಠ ಹೇಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಡಾಕ್ಟರ್ ಕಲಿತದ್ದು ಕೆಲಸಕ್ಕೆ ಬರುವುದು ರೋಗಿ ಮತ್ತೆ ಎದುರಿಗೆ ಬಂದಾಗ.

ಇಲ್ಲಿ ಇನ್ನೊಂದು ಆತಂಕವನ್ನೂ ಹೇಳಿಬಿಡಬೇಕು. ಅರೆಬರೆ ಕಲಿತವರ ಕೈಗೆ ಈ ಔಷಧಿ ಕೊಟ್ಟರೆ ಎಲ್ಲರಿಗೂ ನಿದ್ದೆ ಮಾತ್ರೆ ಬರೆದುಬಿಡುತ್ತಾರೆ ಎಂದು ಕೆಲವು ಮನೋವೈದ್ಯರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಆಲ್ಪ್ರಜೋಲಂನಂಥ ಮಾತ್ರೆ ಆ ರಾತ್ರಿಯೇ ನಿದ್ದೆ ಕೊಡುತ್ತದೆ, ಕೆಲವು ವಾರ ಬಿಡದೆ ತಗೊಂಡರೆ ಅದಿಲ್ಲದೆ ಆಗುವುದಿಲ್ಲ ಎನ್ನುವ ಹಾಗೆ ಹಿಡಿದುಕೊಳ್ಳುತ್ತದೆ. ಆದರೆ ಒಂದು ಮಾತು. ಇವತ್ತೂ ಜನ ಆ ಮಾತ್ರೆ ತಗೊಳ್ಳುತ್ತಲೇ ಇದ್ದಾರೆ, ಯಾರ ಲೆಕ್ಕಕ್ಕೂ ಸಿಗದೆ. ಮತ್ತೆ ಮತ್ತೆ ನೋಡುವ ಡಾಕ್ಟರ್ ಇದ್ದರೆ ಅದನ್ನು ನಿಲ್ಲಿಸಲಾದರೂ ಒಂದು ದಾರಿ ಇರುತ್ತದೆ.

ಬೋರ್‌ವೆಲ್ ಬತ್ತಿ, ಸಾಲ ಬೆಳೆದು ಬೇಜಾರಾದವನಿಗೆ ಮಾತ್ರೆ ಯಾಕೆ ಎಂದೂ ಕೇಳುತ್ತಾರೆ. ಸಾವಿರ ಅಡಿ ಕೊರೆಸಿದರೂ ನೀರು ಬಾರದ ಕೋಲಾರ, ಚಿಕ್ಕಬಳ್ಳಾಪುರದಲ್ಲಿ, ಟೊಮೆಟೊ ರಸ್ತೆಗೆ ಸುರಿದು ಮನೆಗೆ ಬರುವ ರೈತನಿಗೆ ನಿದ್ದೆ ಬಾರದಿರುವುದು ಕಾಯಿಲೆಯೇ ಅಲ್ಲದಿರಬಹುದು. ಅವನಿಗೆ ಬೇಕಿರುವುದು ಬೆಲೆ, ನೀರು, ಸಾಲದ ಗಡುವು. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ಕಷ್ಟ ಕೆಲವರನ್ನು ಹಾಸಿಗೆಯಿಂದ ಏಳಲಾಗದ ಸ್ಥಿತಿಗೆ ತಳ್ಳುತ್ತದೆ, ಬೆಲೆ ಬಂದರೂ ಹೊಲಕ್ಕೆ ಹೋಗಲು ಆಗದ ಸ್ಥಿತಿಗೆ. ಅವರಿಗೆ ಎರಡೂ ಬೇಕು. ಇಬ್ಬರಲ್ಲಿ ಯಾರು ಯಾರು ಎಂದು ಹತ್ತು ನಿಮಿಷದ ಒಂದು ಭೇಟಿಯಲ್ಲಿ ಗೊತ್ತಾಗುವುದಿಲ್ಲ.

ಹುಡುಕಿಕೊಂಡು ಹೋದಾಗ ಏನಾಯಿತು

ಹುಡುಕಿಕೊಂಡು ಹೋದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಮುಂದೆ ಒಳ್ಳೆಯ ಸಾಕ್ಷಿಗಳಿವೆ. ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಐದು ಊರುಗಳಲ್ಲಿ ಮಾಡಿದ ಅಧ್ಯಯನ. ಅದರಲ್ಲಿ ಚೆನ್ನೈ ಕೂಡ ಇತ್ತು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಒಟ್ಟು 1,867 ಜನ. ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿದರು. ಹೇಗಿದ್ದೀರಿ, ಏನಾದರೂ ಬೇಕಾ, ಅಷ್ಟೆ. 18 ತಿಂಗಳ ಕೊನೆಗೆ ಮಾಮೂಲಿ ಚಿಕಿತ್ಸೆಯವರಲ್ಲಿ 100ಕ್ಕೆ 2.2 ಜನ ಆತ್ಮಹತ್ಯೆಯಿಂದ ತೀರಿಹೋಗಿದ್ದರು. ವಿಚಾರಿಸಿಕೊಂಡವರಲ್ಲಿ 0.2.

ನಮ್ಮಲ್ಲಿ ಏನಾಗುತ್ತದೆ? ವಿಷ ಕುಡಿದವರನ್ನು ತಾಲ್ಲೂಕು ಆಸ್ಪತ್ರೆಗೆ ತರುತ್ತಾರೆ. ಜೀವ ಉಳಿಸಲು ಡಾಕ್ಟರುಗಳು, ನರ್ಸುಗಳು ರಾತ್ರಿಯಿಡೀ ಒದ್ದಾಡುತ್ತಾರೆ. ಉಳಿದರೆ ಡಿಸ್ಚಾರ್ಜ್. ಪೊಲೀಸ್ ಕೇಸಾಗುತ್ತದೆ ಎಂದು ಮನೆಯವರು ಹೆದರಿ ಬೇಗ ಕರೆದುಕೊಂಡು ಹೋಗುತ್ತಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮನೆಗೆ ಹೋದ ಮೇಲೆ ಅವರನ್ನು ಒಂದು ಸಲವಾದರೂ ವಿಚಾರಿಸುವುದು ಯಾರ ಕೆಲಸ ಎಂದು ಎಲ್ಲೂ ಬರೆದಿಟ್ಟಂತೆ ಕಾಣುವುದಿಲ್ಲ. 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆಯಿಂದ ತೀರಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಒಂಬತ್ತು ಸಲ ಫೋನ್ ಮಾಡಿ ವಿಚಾರಿಸುವುದು ದುಬಾರಿಯ ಕೆಲಸವೇ?

ಗೋವಾದ ಪಿಎಚ್‌ಸಿಗಳಲ್ಲಿ ಮಾಡಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ಅದು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವೈದ್ಯಕೀಯ ಓದಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತಸಲಹೆಗೆ ಕೂರಿಸಿದರು. ರೋಗಿಗೆ ಕಾಯಿಲೆ ಏನೆಂದು ತಿಳಿಸಿ ಹೇಳುವುದು, ಮಾತ್ರೆ ಬಿಡದ ಹಾಗೆ ನೋಡಿಕೊಳ್ಳುವುದು, ಬಾರದವರನ್ನು ಮತ್ತೆ ಕರೆಯುವುದು ಅವರ ಕೆಲಸ. ಡಾಕ್ಟರ್ ಹಿಂದೆ ಇದ್ದರು, ಮನೋವೈದ್ಯರು ಇನ್ನೂ ಹಿಂದೆ. ಸರ್ಕಾರಿ ಪಿಎಚ್‌ಸಿಗಳಲ್ಲಿ ಆರು ತಿಂಗಳಿಗೆ 100ಕ್ಕೆ ಸುಮಾರು 66 ಜನ ಗುಣವಾಗಿದ್ದರು. ಇಂಥ ವ್ಯವಸ್ಥೆ ಇಲ್ಲದ ಪಿಎಚ್‌ಸಿಗಳಲ್ಲಿ ಸುಮಾರು 42.

ನಮ್ಮ ತುಮಕೂರು ಜಿಲ್ಲೆಯ ಅನುಭವವೂ ಇದೆ. ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನಿಗೆ ನಿಂತಿತು. ತೀರ್ಥಹಳ್ಳಿಯಲ್ಲೂ ಹಾಗೇ ಮಾಡಿದರು. ಊರಲ್ಲಿ ಯಾರು ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದಾರೆ ಎಂದು ಚೆನ್ನಾಗಿ ಗೊತ್ತಿರುವುದು ಆಶಾ ಕಾರ್ಯಕರ್ತೆಯರಿಗೆ, ಆರೋಗ್ಯ ಸಿಬ್ಬಂದಿಗೆ. ಚಿಕಿತ್ಸೆ ಬಿಡದೆ ತಗೊಂಡವರಲ್ಲಿ ಎಷ್ಟೋ ಜನ ಮತ್ತೆ ಹೊಲದ ಕೆಲಸಕ್ಕೆ, ಮನೆ ಕೆಲಸಕ್ಕೆ ಮರಳಿದರು. ಇದು ಸ್ಕಿಜೋಫ್ರೇನಿಯಾ, ಎಲ್ಲರೂ ಕೈಬಿಡುವ ಕಾಯಿಲೆ. ಇದನ್ನೇ ಹಳ್ಳಿಯಲ್ಲಿ ನೋಡಿಕೊಳ್ಳಲು ಆಯಿತು ಎಂದ ಮೇಲೆ ಖಿನ್ನತೆಯ ಬಗ್ಗೆ ಹಿಂಜರಿಯಲು ಕಾರಣ ನನಗೆ ಸಿಗುತ್ತಿಲ್ಲ.

ದೇವರ ದಾರಿ ಹಿಡಿದವರ ಬಗ್ಗೆಯೂ ಒಂದು ಮಾತು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಜಾತಿ, ಧರ್ಮದವರೂ ಮನಸ್ಸು ಕೆಟ್ಟವರನ್ನು ಕರೆದುಕೊಂಡು ಬರುತ್ತಾರೆ. ಮೂಢನಂಬಿಕೆ ಎಂದು ಹೀಯಾಳಿಸಿ ಅವರನ್ನು ದೂರ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ಔಷಧಿಯನ್ನೂ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಜನ ಎಲ್ಲಿ ಬರುತ್ತಾರೋ ಅಲ್ಲಿಗೆ ಆರೋಗ್ಯ ಇಲಾಖೆ ಹೋದ ಉದಾಹರಣೆ ಅದು.

ಆ ಕೆಲಸ ಯಾರದ್ದು?

ಆಶಾ ಕಾರ್ಯಕರ್ತೆಯರದ್ದು ಎಂದು ಹೇಳಿ ಮುಗಿಸುವುದು ಸುಲಭ. ಬಸುರಿ, ಬಾಣಂತಿ, ಮಗುವಿನ ಲಸಿಕೆ, ಕ್ಷಯ, ಲಾರ್ವಾ ಸಮೀಕ್ಷೆ, ಬಿಪಿ, ಶುಗರ್, ಮೊಬೈಲ್‌ನಲ್ಲಿ ಡೇಟಾ ತುಂಬುವುದು, ಎಲ್ಲವೂ ಈಗಾಗಲೇ ಅವರ ತಲೆ ಮೇಲಿದೆ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕೂತದ್ದು ಗೌರವಧನಕ್ಕಾಗಿ. ಇನ್ನೊಂದು ಫಾರಂ ಕೊಟ್ಟು ಮಾನಸಿಕ ಆರೋಗ್ಯವೂ ನಿಮ್ಮದೇ ಎಂದರೆ ಅದು ಆಗುವುದೂ ಇಲ್ಲ, ಕೇಳುವುದು ನ್ಯಾಯವೂ ಅಲ್ಲ. ಮೊದಲ ಸಲ ಗುರುತಿಸುವುದು ಆಶಾ ಕೆಲಸವಾಗಲಿ, ಅದಕ್ಕೂ ಪ್ರತ್ಯೇಕ ಹಣ ಇರಲಿ. ತಿಂಗಳು ತಿಂಗಳು ಹಿಂದೆ ಬಿದ್ದು ವಿಚಾರಿಸುವ ಕೆಲಸ ಸಂಬಳ ಪಡೆಯುವ ಸಿಎಚ್‌ಒ ಕೈಯಲ್ಲಿ ಇರಬೇಕು ಎಂಬುದು ನನ್ನ ಅಭಿಪ್ರಾಯ. 5,000 ಜನರಲ್ಲಿ ಮಾತ್ರೆ ತಗೊಳ್ಳುವವರು ಒಂದು ಹೊತ್ತಿಗೆ ಕೆಲವು ಹತ್ತು ಜನ ಆಗಬಹುದು. ಅವರ ಹೆಸರು, ಮುಂದೆ ಬರಬೇಕಾದ ತಾರೀಖು ಒಂದು ರಿಜಿಸ್ಟರ್‌ನಲ್ಲಿದ್ದರೆ, ತಾರೀಖು ದಾಟಿದ ಮಾರನೇ ವಾರ ಒಂದು ಫೋನ್ ಮಾಡಬಹುದು. ಕ್ಷಯ ರೋಗಕ್ಕೆ ಇದನ್ನೇ ಮಾಡುತ್ತೇವೆ. ಮಾತ್ರೆ ಬಿಟ್ಟವರ ಮನೆಗೆ ಹೋಗಿ ಕೇಳುತ್ತೇವೆ. ಮನಸ್ಸಿನ ಕಾಯಿಲೆಗೆ ಮಾತ್ರ "ಬೇಕಾದರೆ ಬರುತ್ತಾರೆ" ಎಂದು ಯಾಕೆ ಬಿಡಬೇಕು?

ಮಾನಸಿಕ ಆರೋಗ್ಯಕ್ಕೆಂದು ಬೇರೆ ದಿನ, ಬೇರೆ ಕೋಣೆ ಪಿಎಚ್‌ಸಿಯಲ್ಲಿ ಬೇಡವೇ ಬೇಡ. ಆ ಕೋಣೆಗೆ ಹೋದವರನ್ನು ಊರೇ ನೋಡುತ್ತದೆ. ಬಿಪಿ, ಶುಗರ್ ಮಾತ್ರೆ ಕೊಡುವ ದಿನವೇ, ಅದೇ ಸಾಲಿನಲ್ಲೇ, ಅದೇ ಕಿಟಕಿಯಲ್ಲೇ ಈ ಮಾತ್ರೆಯೂ ಸಿಗಲಿ. ಕುಡಿತ ಬಿಡಬೇಕು ಎಂದು ಬರುವ ಗಂಡಸರೂ ಅದೇ ಸಾಲಿನಲ್ಲಿ ನಿಲ್ಲಲಿ. ಅವರ ವಿಷಯದಲ್ಲಂತೂ ಮೊದಲ ಕೆಲವು ದಿನ ನಿರ್ಣಾಯಕ. ದಿನವೂ ಜಾಸ್ತಿ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಡಾಕ್ಟರ್ ಕಣ್ಣಳತೆಯಲ್ಲಿ ಬಿಟ್ಟರೆ ಅಪಾಯ ತಪ್ಪುತ್ತದೆ.

ಟೆಲಿ ಮಾನಸ್ ಬಗ್ಗೆಯೂ ಗೊತ್ತಿರಲಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯ ನಂಬರ್ 14416. ದುಡ್ಡಿಲ್ಲದೆ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ತೆಲುಗು ಮನೆಮಾತಿನವರಿಗೆ ಆ ಭಾಷೆಯ ಆಯ್ಕೆಯೂ ಇದೆ. ನಿಮಗೋ ಮನೆಯವರಿಗೋ ಬದುಕುವುದೇ ಬೇಡ ಅನಿಸುತ್ತಿದ್ದರೆ ಇವತ್ತೇ ಆ ನಂಬರಿಗೆ ಮಾಡಿ, ತಡ ಮಾಡಬೇಡಿ. ಆದರೆ ಫೋನಿನ ಆ ಕಡೆ ಇರುವವರು ಮಾತ್ರೆ ಕೈಗೆ ಕೊಡಲಾರರು. ಹತ್ತಿರದ ಆಸ್ಪತ್ರೆಗೆ ಹೋಗಿ ಎಂದೇ ಹೇಳುತ್ತಾರೆ. ಆ ಹತ್ತಿರದ ಆಸ್ಪತ್ರೆ ತಯಾರಾಗಿರಬೇಕಲ್ಲ.

ಪ್ರತಿ ಪಿಎಚ್‌ಸಿಗೂ ಆರೋಗ್ಯ ರಕ್ಷಾ ಸಮಿತಿ ಎಂದು ಒಂದು ಇರುತ್ತದೆ. ಸ್ಥಳೀಯ ಜನಪ್ರತಿನಿಧಿಗಳು ಅದರಲ್ಲಿ ಇರುತ್ತಾರೆ. ಸಭೆಯಲ್ಲಿ ಕಾಂಪೌಂಡು, ನೀರಿನ ಟ್ಯಾಂಕಿನ ಮಾತು ಆಗಿಯೇ ಆಗುತ್ತದೆ. ನಿಮ್ಮ ಪಂಚಾಯಿತಿ ಸದಸ್ಯರು ಅಲ್ಲಿಗೆ ಹೋಗುವಾಗ ಇಷ್ಟು ಕೇಳಿಕೊಂಡು ಬರಲು ಹೇಳಿ. ಖಿನ್ನತೆಯ ಫ್ಲುಆಕ್ಸೆಟಿನ್, ಸ್ಕಿಜೋಫ್ರೇನಿಯಾಕ್ಕೆ ಕೊಡುವ ರಿಸ್ಪೆರಿಡೋನ್ ಮಾತ್ರೆ ಇವತ್ತು ಸ್ಟಾಕ್‌ನಲ್ಲಿ ಇದೆಯಾ? ಕಳೆದ ಆರು ತಿಂಗಳಲ್ಲಿ ಎಷ್ಟು ದಿನ ಇರಲಿಲ್ಲ? ಮನಸ್ಸಿನ ಚಿಕಿತ್ಸೆ ಶುರು ಮಾಡಿದವರಲ್ಲಿ ಎರಡನೇ ತಿಂಗಳು ಬಂದವರು ಎಷ್ಟು ಜನ, ಬಾರದವರಿಗೆ ಫೋನ್ ಮಾಡಿದ್ದು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ಮುಂದಿನ ಸಭೆಗೆ ಒಂದು ಹೆಸರು ಗೊತ್ತು ಮಾಡಿಕೊಂಡು ಬರಲು ಕೇಳಬಹುದು.